ಜ್ಞಾಪಕಶಕ್ತಿಗೆ ಹಾಕಿದ ಹಾರ

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷರಾದ ಮರುಳಪ್ಪನವರೇ, ನಾಳೆ ಅರಸೀಕೆರೆಗೆ ವರ್ಗವಾಗಿ ಹೋಗುತ್ತಿರುವ ನಮ್ಮೂರ ಆಸ್ಪತ್ರೆಯ ಡಾಕ್ಟರ್ ಷಡಕ್ಷರಪ್ಪನವರೇ, ಹಾರ ಹಿಡಿದು ಆಗಲೇ ಎದ್ದು ನಿಂತಿರುವ ಹಿರಿಯರೇ, ತಾಯಂದಿರೇ, ಸಭಿಕರೇ,

ಯುವಕ ಸಂಘದ ಪರವಾಗಿ ಎರಡು ಮಾತಾಡು ಎಂದರು. ಎರಡಕ್ಕೇ ನಿಲ್ಲಿಸುತ್ತೇನೆಂದು ನಾನು ಒಪ್ಪಿಕೊಂಡಿಲ್ಲ.

ನನಗಿಂತ ಮುಂಚೆ ಮಾತಾಡಿದವರೆಲ್ಲ ಹೊಗಳಿದ್ದು ಒಂದನ್ನೇ, ಡಾಕ್ಟರ ಜ್ಞಾಪಕಶಕ್ತಿಯನ್ನು. "ಬಾಗ್ಲಲ್ಲಿ ಕಂಡ್ರೆ ಸಾಕು, ಏನ್ ಹುಚ್ಚಣ್ಣ, ಹೊಟ್ಟೆನೋವು ಹೆಂಗೈತೆ ಅಂತಾರೆ" ಎಂದು ಹುಚ್ಚಣ್ಣ ಹೇಳಿದಾಗ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಆದರೆ ಸ್ವಾಮಿ, ಆ ಹೊಟ್ಟೆನೋವು ಡಾಕ್ಟರ ತಲೆ ಬಿಟ್ಟರೆ ಇನ್ನೆಲ್ಲಿದೆ?

ಇವರು ಬೆಳಿಗ್ಗೆ ಇಲ್ಲಿ, ಮಧ್ಯಾಹ್ನದ ಬಸ್ಸಿಗೆ ಬೇಲೂರು, ಅಲ್ಲಿಂದಾಚೆ ಡಾಕ್ಟರೇ ಇಲ್ಲದ ಇನ್ನೊಂದು ಆಸ್ಪತ್ರೆ. ಒಬ್ಬರ ಕೊರಳಿಗೆ ಎರಡು ಆಸ್ಪತ್ರೆ ಕಟ್ಟಿದ ಸರ್ಕಾರಕ್ಕೆ ಏನು ಹೇಳೋಣ? ಕಂಡಕ್ಟರ್ ಸೀಟಿ ಊದುವಾಗ ಇವರ ಕೈಯಲ್ಲಿ ಇನ್ನೂ ಯಾರದೋ ನಾಡಿ. ಹೀಗಾಗಿ ರೋಗಿಗಳ ಪುಸ್ತಕ ತುಂಬುವುದು ಶನಿವಾರ, ವಾರದ್ದೆಲ್ಲ ಒಟ್ಟಿಗೆ. ನಾನೇ ತೆರೆದು ನೋಡಿದ್ದೇನೆ. ಜ್ವರ, ಕೆಮ್ಮು, ಕೆಮ್ಮು, ಜ್ವರ. ಅದನ್ನು ನಂಬಿದರೆ ನಮ್ಮೂರಲ್ಲಿ ಯಾರ ಕಾಲೂ ಮುರಿದಿಲ್ಲ, ಯಾರೂ ಹೆತ್ತಿಲ್ಲ!

ನಗುತ್ತೀರಾ? ನಗಿ.

ಹಿಂದೊಮ್ಮೆ ಪೆನಿಸಿಲಿನ್ ಕೊಟ್ಟಾಗ ನನ್ನ ತಾಯಿ ಧರ್ಮಾವತಿಗೆ ಮೈಯೆಲ್ಲ ದದ್ದು ಎದ್ದಿತ್ತು. "ಇನ್ನು ಇದು ನಿಮಗೆ ಬೇಡಮ್ಮ" ಎಂದಿದ್ದರು ಡಾಕ್ಟರು. ಎಂದಿದ್ದರು ಅಷ್ಟೇ, ಬರೆದಿರಲಿಲ್ಲ. ಹೋದ ವರ್ಷ ಇವರು ಮಗಳ ಮದುವೆಗೆ ರಜೆ ಹಾಕಿದಾಗ ಬದಲಿಗೆ ಬಂದ ಕಿರಿಯ ಡಾಕ್ಟರು ಅಮ್ಮನ ಕಾಲಿನ ಗಾಯ ನೋಡಿ ಸೂಜಿ ತೆಗೆದರು.

"ಮುಂಚೆ ಯಾವ್ದೋ ಒಂದು ಸೂಜಿ ನಂಗೆ ಆಗ್ಲಿಲ್ಲ ಕಣಪ್ಪ."

"ಯಾವುದಮ್ಮ?"

"ಅದು ಷಡಕ್ಷರಪ್ಪೋರಿಗೆ ಗೊತ್ತು."

ಅವರು ಪುಸ್ತಕ ತಿರುವಿದರು. ಅಮ್ಮನ ಹೆಸರಿನ ಮುಂದೆ 'ಜ್ವರ' ಎಂದಿತ್ತು. ಅದೇ ಪೆನಿಸಿಲಿನ್ ಚುಚ್ಚಿದರು. ತುಟಿ ಊದಿತು, ಉಸಿರು ಕಟ್ಟಿತು. ನನ್ನ ಅಂಗಿ ಹಿಡಿದು ಏನೋ ಹೇಳಲು ಹೋದಳು, ಮಾತು ಹೊರಡಲಿಲ್ಲ. ಏನು ಹೇಳಲಿದ್ದಳೋ ನಾನು ಇವತ್ತಿಗೂ ಕೇಳಿಲ್ಲ. ಆ ಕಿರಿಯ ಡಾಕ್ಟರೇ ಒದ್ದಾಡಿ ಉಳಿಸಿದರು. ಯಾರನ್ನು ಬಯ್ಯಲಿ?

ಅಗೋ, ಅಮ್ಮ ಹೆಂಗಸರ ಸಾಲಿನಲ್ಲಿ ಕುಳಿತು ಸಾಕು ಎಂದು ಕೈ ಆಡಿಸುತ್ತಿದ್ದಾಳೆ. ಮನೆ ಬಿಡುವಾಗಲೇ ಎಚ್ಚರಿಸಿದ್ದಳು: "ದೇವರಂಥೋರು ಕಣೋ, ತುಂಬಿದ ಸಭೇಲಿ ಬಾಯಿ ಬಿಡಬೇಡ." ದೇವರಂಥವರೇ, ಒಪ್ಪಿದೆ. ಆದರೆ ನಮ್ಮ ಬಸದಿಯ ಸ್ವಾಮಿಗೆ ವರ್ಗವಾಗುವುದಿಲ್ಲ, ಡಾಕ್ಟರಿಗೆ ಆಗುತ್ತದೆ. ಸೋಮವಾರ ಹೊಸಬರು ಬಂದು ಅದೇ ಪುಸ್ತಕ ತೆರೆಯುತ್ತಾರೆ.

ಆರೋಗ್ಯ ಜನರ ಹಕ್ಕು ಎಂದು ಬೇಲೂರು ಬಸ್ ನಿಲ್ದಾಣದಲ್ಲಿ ಕೊಂಡ ಕಿರುಹೊತ್ತಗೆಯಲ್ಲಿ ಓದಿದ್ದೇನೆ. ಆ ಹಕ್ಕು ಒಬ್ಬರ ತಲೆಯೊಳಗೆ ಕೂತು ನಾಳೆ ಬಸ್ಸು ಹತ್ತಿಬಿಡಬಹುದೇ?

ಆದ್ದರಿಂದ ಹಾರ ಹಿಡಿದವರು ದಯವಿಟ್ಟು ಕುಳಿತುಕೊಳ್ಳಿ. ಡಾಕ್ಟರೇ, ಆಸ್ಪತ್ರೆಯ ಆ ಪುಸ್ತಕ ತಂದು ನಿಮ್ಮ ಮುಂದಿನ ಮೇಜಿನ ಮೇಲೆ ಇಟ್ಟಿದ್ದೇನೆ. ಒಬ್ಬೊಬ್ಬರಾಗಿ ಬರುತ್ತೇವೆ. ಯಾರಿಗೆ ಯಾವ ಮದ್ದು ಆಗದು ಎಂದು ನಿಮಗೆ ನೆನಪಿರುವುದನ್ನೆಲ್ಲ ಬರೆದುಕೊಡಿ. ಇವತ್ತು ನಿಮಗೆ ಹಿಡಿಯಬೇಕಾದ ಬಸ್ಸಿಲ್ಲ.

ಅಮ್ಮ, ಏಳು. ನೀನೇ ಮೊದಲು.

ಬಯ್ಯಿಸಿಕೊಂಡೂ ಕುಳಿತ ನಿಮಗೂ, ಪೆನ್ನಿನ ಮುಚ್ಚಳ ತೆಗೆದ ಡಾಕ್ಟರಿಗೂ ವಂದನೆಗಳು. ನಮಸ್ಕಾರ.