ಕೆಟ್ಟ ಎರಕಕ್ಕೆ ಹಾಕಿದ ಹೂಮಾಲೆ

ಒಬ್ಬ ಸಾಹುಕಾರನ ಕಥೆ ಹೇಳುತ್ತೇನೆ, ಕೇಳಿ. ಅವನ ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ಈ ಸಭೆಯಲ್ಲೇ ನಾಲ್ಕು ಜನ ಶಲ್ಯ ಸರಿಮಾಡಿಕೊಳ್ಳುತ್ತಾರೆ. ಅವನದೊಂದು ಎರಕದ ಕಾರ್ಖಾನೆ ಇತ್ತು. ಕಬ್ಬಿಣ ಕರಗಿಸಿ, ಮರಳಿನ ಅಚ್ಚಿಗೆ ಸುರಿದು, ನೀರಿನ ಪಂಪಿನ ಹೊರಕವಚ ಮಾಡುವುದು ಅಲ್ಲಿಯ ಕೆಲಸ. ಕಾರ್ಖಾನೆಯ ಎದುರಿಗೇ, ರಸ್ತೆಯ ಆಚೆ, ಒಂದು ವಿಶ್ವವಿದ್ಯಾಲಯ. ಅಲ್ಲೊಬ್ಬ ಪ್ರಾಧ್ಯಾಪಕಿ. ಎರಕದ ಮರಳಿನ ಮೇಲೆಯೇ ಹನ್ನೊಂದು ವರ್ಷ ಸಂಶೋಧನೆ ಮಾಡಿದ ತಾಯಿ ಆಕೆ. ನೋಡಿ, ಮರಳು ಈ ಕಡೆ, ಮರಳಿನ ವಿದ್ಯೆ ಆ ಕಡೆ. ನಡುವೆ ಎಷ್ಟು ದೂರ? ಮೂವತ್ತು ಹೆಜ್ಜೆ. ಹನ್ನೊಂದು ವರ್ಷದಲ್ಲಿ ಆ ಮೂವತ್ತು ಹೆಜ್ಜೆಯನ್ನು ಯಾರೂ ನಡೆದಿರಲಿಲ್ಲ.

ಸಾಹುಕಾರನ ಮನೆತನದಲ್ಲಿ ಒಂದು ಪದ್ಧತಿ. ಎರಕ ಕೆಟ್ಟರೆ ಹೊತ್ತು ಮುಳುಗುವುದರೊಳಗೆ ಅದು ಮತ್ತೆ ಕುಲುಮೆಗೆ ಹೋಗಬೇಕು. ಹೊರಗಿನವರ ಕಣ್ಣಿಗೆ ಬೀಳಕೂಡದು. 'ನಮ್ಮ ಮನಿ ಹುಳುಕು ನಮ್ಮ ಬೆಂಕ್ಯಾಗ ಸುಡಬೇಕು' ಎಂದು ಅವನ ಅಪ್ಪ ಹೇಳಿಹೋಗಿದ್ದ.

ಒಂದು ವರ್ಷ ಕವಚಗಳು ಕೆಡತೊಡಗಿದವು. ಮೇಲೆ ನುಣುಪು, ಒಳಗೆ ಗಾಳಿಯ ತೂತು. ನೀರು ತುಂಬಿ ಒತ್ತಡ ಕೊಟ್ಟರೆ ಕವಚ ಬೆವರುತ್ತಿತ್ತು. ಗಿರಾಕಿಗಳು ಲಾರಿ ತುಂಬಿ ವಾಪಸ್ ಕಳಿಸಿದರು. ಅದೇ ಹೊತ್ತಿಗೆ ಪ್ರಾಧ್ಯಾಪಕಿಯ ಪತ್ರ ಬಂತು, 'ಪರೀಕ್ಷೆಗೆ ನಿಮ್ಮದೊಂದು ಎರಕ ಕಳುಹಿಸಿ' ಅಂತ. ಸಾಹುಕಾರ ಏನು ಕಳಿಸಿದ, ಹೇಳಿ ನೋಡೋಣ? ಇದ್ದುದರಲ್ಲಿ ಅತ್ಯುತ್ತಮವಾದದ್ದನ್ನು! ಉಜ್ಜಿಸಿ, ಎಣ್ಣೆ ಸವರಿಸಿ, ಕುಂಕುಮ ಹಚ್ಚಿ, ಹೊಸ ಟವೆಲಿನಲ್ಲಿ ಸುತ್ತಿ ಕಳಿಸಿದ. ಆ ತಾಯಿ ಅದನ್ನು ಕೊಯ್ದು ನೋಡಿ 'ದೋಷ ಕಂಡುಬಂದಿಲ್ಲ' ಎಂದು ವರದಿ ಬರೆದರು. ಇವನು ವರದಿಗೆ ಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ನೇತುಹಾಕಿದ. ಜ್ವರ ಬಂದ ತಮ್ಮನನ್ನು ಮನೆಯಲ್ಲಿ ಮಲಗಿಸಿ, ಗಟ್ಟಿಮುಟ್ಟಾದ ಅಣ್ಣನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಔಷಧಿ ಯಾರಿಗೆ ಕೊಡುತ್ತಾರಪ್ಪ?

ವರದಿಯೇ ದೋಷವಿಲ್ಲ ಅಂದ ಮೇಲೆ ತಪ್ಪು ಯಾರದು? ಅಚ್ಚು ಕಟ್ಟುವ ಕೈಯದು. ಆ ಕೈ ಮೌನೇಶಪ್ಪನದು. ಇವನ ಹೆಸರು ಹೇಳುತ್ತೇನೆ, ಹೇಳಲೇಬೇಕು. ನಲವತ್ತು ವರ್ಷದ ಕಸುಬುದಾರ. ಮರಳನ್ನು ಮುಷ್ಟಿಯಲ್ಲಿ ಹಿಂಡಿ, ಆ ಉಂಡೆ ಮುರಿದು, ಮುರಿದ ಅಂಚು ನೋಡಿ ಅದರ ಗುಣ ಹೇಳುವವನು.

"ಮೌನೇಶಾ, ನಿನ್ನ ಕೈ ಕೆಟ್ಟೈತಿ. ನಾಳಿಂದ ಅಚ್ಚು ಮುಟ್ಟಬ್ಯಾಡ, ಅಂಗಳ ಗುಡಿಸು" ಎಂದ ಸಾಹುಕಾರ.

"ಕೈ ಕೆಟ್ಟಿಲ್ರಿ ಸಾವ್ಕಾರ್ರ. ಮರಳು ಉಸಿರಾಡವಲ್ದು."

"ಮರಳು ಉಸಿರಾಡತೈತೇನೋ? ಕಲಿತವ್ರು ಬರದು ಕೊಟ್ಟಾರ, ಗ್ವಾಡಿ ಮ್ಯಾಲೈತಿ ನೋಡು ಹೋಗು."

ಕೆಲಸ ಹೋಗಲಿಲ್ಲ, ಸಂಬಳ ಹೋಗಲಿಲ್ಲ. ಕೈಯ ಮರ್ಯಾದೆ ಹೋಯಿತು. ಕಸುಬುದಾರನಿಗೆ ಅದಕ್ಕಿಂತ ದೊಡ್ಡ ಆಸ್ತಿ ಏನಿದೆ?

ಏಳು ದಿನ ಗುಡಿಸಿದ. ಎಂಟನೆಯ ದಿನ ಏನು ಮಾಡಿದ ಗೊತ್ತೇ? ಕುಲುಮೆಗೆ ಹೊರಟಿದ್ದ ಒಂದು ಕೆಟ್ಟ ಕವಚವನ್ನು ಗೋಣಿಚೀಲಕ್ಕೆ ಹಾಕಿ ಹೆಗಲಿಗೇರಿಸಿದ. ಟವೆಲಿನಲ್ಲಿ ಒಂದು ಗಂಟು ಮರಳು ಕಟ್ಟಿಕೊಂಡ. ಹಾಡುಹಗಲೇ ರಸ್ತೆ ದಾಟಿದ. ಮೂವತ್ತು ಹೆಜ್ಜೆ! ಹೋಗಿ ಪ್ರಾಧ್ಯಾಪಕಿಯ ಮೇಜಿನ ಮೇಲೆ, ಅವರ ಕಾಗದಗಳ ಮೇಲೆಯೇ, ಇಟ್ಟುಬಿಟ್ಟ.

"ಅಕ್ಕಾರ, ನಿಮಗ ಚಲೋದು ಕಳಿಸಿದ್ರು, ನೀವು ಚಲೋ ಐತಿ ಅಂದ್ರಿ. ಕೆಟ್ಟದ್ದು ಇಲ್ಲೈತಿ. ಇದನ್ನ ನೋಡ್ರಿ."

ಆ ತಾಯಿ ಅದನ್ನು ಕೊಯ್ದು, ಒಳಗಿನ ತೂತುಗಳ ಮೇಲೆ ಬೆರಳಾಡಿಸಿದರು. "ಇದು ಯಾಕ ಹಿಂಗಾತು ಅಂತೀರಿ ಕಾಕಾ?"

"ಕಬ್ಬಿಣ ಬಿದ್ದಾಗ ಹಬೆ ಏಳತೈತ್ರಿ. ಅದಕ್ಕ ಹೊರಗ ಹೋಗಾಕ ದಾರಿ ಸಿಗವಲ್ದು. ಮರಳಿನ್ಯಾಗ ಉಸಿರಿಲ್ಲ."

ಅವರು ತಟ್ಟನೆ ಎದ್ದರು. ಅವರ ಪ್ರಯೋಗಾಲಯದಲ್ಲಿ ಒಂದು ಯಂತ್ರವಿತ್ತು. ಯಾವ ಯಂತ್ರ? ಮರಳಿನೊಳಗಿಂದ ಗಾಳಿ ಎಷ್ಟು ಹಾಯುತ್ತದೆ ಎಂದು ಅಳೆಯುವ ಯಂತ್ರ! ಗಂಟು ಬಿಚ್ಚಿ ಅವನ ಮರಳು ಹಾಕಿದರು. ಇರಬೇಕಾದ್ದರ ಅರ್ಧಕ್ಕೂ ಮುಳ್ಳು ಬರಲಿಲ್ಲ. ನಲವತ್ತು ವರ್ಷದ ಮುಷ್ಟಿ, ಹನ್ನೊಂದು ವರ್ಷದ ಓದು, ಎರಡೂ ಒಂದೇ ಮಾತು ಹೇಳಿದವು.

"ನಿಮ್ಮ ಕೈ ಕೆಟ್ಟಿಲ್ಲ ಕಾಕಾ" ಎಂದರು. ಅಷ್ಟಕ್ಕೇ ಮುದುಕ ಅತ್ತುಬಿಟ್ಟ.

ಇಬ್ಬರೂ ಕೂಡಿ ಕಾರ್ಖಾನೆಗೆ ಬಂದರು. ಸಾಹುಕಾರ ಕೆಂಡವಾದ. "ಮನಿ ಮಾನ ರಸ್ತಾಕ ತಂದಿಯಲ್ಲೋ ಮೌನೇಶಾ!"

"ಅವರನ್ನ ಬೈಬ್ಯಾಡ್ರಿ" ಎಂದರು ಆ ತಾಯಿ. "ತಪ್ಪು ನಂದೂ ಐತಿ. ಕೆಟ್ಟದ್ದು ಕಳಸ್ರಿ ಅಂತ ನಾ ಬರೀಬೇಕಿತ್ತು. ಇಲ್ಲಿಗೆ ಬಂದು ನೋಡಬೇಕಿತ್ತು. ಕಳಿಸಿದ್ದನ್ನ ಕೊಯ್ದು, ವರದಿ ಬರದು ಕುಂತೆ. ಮೊದಲ ಅದನ್ನ ಗ್ವಾಡಿಯಿಂದ ಇಳಸ್ರಿ."

ತಪ್ಪು ಒಪ್ಪಿಕೊಂಡವರ ಮುಂದೆ ಸಿಟ್ಟು ಎಷ್ಟು ಹೊತ್ತು ನಿಂತೀತು? ಸಾಹುಕಾರ ತಾನೇ ಸ್ಟೂಲು ಹತ್ತಿ ಇಳಿಸಿದ.

ಮತ್ತೆ ಮತ್ತೆ ಬಳಸಿದ ಮರಳಿನಲ್ಲಿ ನುಣ್ಣನೆ ಧೂಳು ಸೇರಿಕೊಂಡು ಹಬೆಯ ದಾರಿ ಮುಚ್ಚಿಹೋಗಿತ್ತು. ಧೂಳನ್ನು ಹೇಗೆ ತೆಗೆಯಬೇಕು, ಹೊಸ ಮರಳು ಎಷ್ಟು ಬೆರೆಸಬೇಕು ಎಂದು ಮೂರು ತಿಂಗಳು ದುಡಿದರು. ಎರಡು ಸಲ ಸೋತರು. ಮೂರನೆಯ ಸಲ ಕವಚಕ್ಕೆ ನೀರು ತುಂಬಿ ಒತ್ತಡ ಕೊಟ್ಟರೆ ಒಂದು ಹನಿ? ಇಲ್ಲ! ಮೌನೇಶಪ್ಪ ಮತ್ತೆ ಅಚ್ಚಿನ ಮುಂದೆ ಕೂತ. ಆ ಸಂಶೋಧನೆಯ ಪ್ರಬಂಧ ಅಚ್ಚಾದಾಗ ಪ್ರಾಧ್ಯಾಪಕಿಯ ಹೆಸರಿನ ಪಕ್ಕದಲ್ಲಿ ಅವನ ಹೆಸರೂ ಇತ್ತು. ಆಮೇಲೊಂದು ದಿನ ವಿಶ್ವವಿದ್ಯಾಲಯದ ಹುಡುಗರಿಗೆ ಪಾಠ ಹೇಳಲು ಅವನನ್ನು ಕರೆದರು. ಅವನು ತರಗತಿಯ ಹೊರಗೆ ನಲ್ಲಿ ಹುಡುಕುತ್ತಿದ್ದ. "ಕೈ ತೊಳೀಬ್ಯಾಡ್ರಿ ಕಾಕಾ. ಹುಡುಗ್ರು ಆ ಕೈಯನ್ನ ನೋಡಬೇಕು" ಎಂದರು ಆ ತಾಯಿ. ಇದನ್ನು ಹೇಳುವಾಗ ನನ್ನ ಎದೆ ಉಬ್ಬುತ್ತದೆ. ಇಂಥ ಕೈಗಳಿರುವ ನಾಡು ನಮ್ಮದು, ಇಂಥ ತಾಯಂದಿರಿರುವ ನಾಡು ನಮ್ಮದು.

ಆ ವರ್ಷದ ಆಯುಧಪೂಜೆಯಲ್ಲಿ ಸಾಹುಕಾರ ಮೊದಲ ಮಾಲೆಯನ್ನು ಯಾವುದಕ್ಕೆ ಹಾಕಿದ? ಗೋಣಿಚೀಲದಲ್ಲಿ ರಸ್ತೆ ದಾಟಿದ ಆ ಕೆಟ್ಟ ಕವಚಕ್ಕೆ.

ಈಗ ನಿಮ್ಮ ಕಡೆ ಬರುತ್ತೇನೆ. ನೋಡಿ, ಎಡಗಡೆ ಪ್ರಾಧ್ಯಾಪಕರು ಕೂತಿದ್ದೀರಿ, ಬಲಗಡೆ ಕಾರ್ಖಾನೆಯವರು. ನಡುವೆ ಖಾಲಿ ಜಮಖಾನ! ನಾನು ಹೇಳಿ ಕೂರಿಸಿದ್ದೇನೆಯೇ? ನೀವೇ ಕೂತಿದ್ದು. ಕಾರ್ಖಾನೆಯವರೇ, ನಾಳೆ ಕೆಟ್ಟದ್ದನ್ನು ಕುಲುಮೆಗೆ ಹಾಕುವ ಮೊದಲು ಒಂದನ್ನು ತೆಗೆದಿಟ್ಟು ಎದುರಿನ ಕಾಲೇಜಿಗೆ ಒಯ್ಯಿರಿ. ಮಾನ ಹೋಗುವುದಿಲ್ಲ, ಮುಚ್ಚಿಟ್ಟರೆ ಹೋಗುತ್ತದೆ. ಗುರುಗಳೇ, ವಾರಕ್ಕೊಂದು ದಿನ ಪುಸ್ತಕ ಮುಚ್ಚಿ ಕಾರ್ಖಾನೆಗೆ ಹೋಗಿ, ಅಲ್ಲಿ ಅಂಗಳ ಗುಡಿಸುವವನನ್ನೂ ಮಾತಾಡಿಸಿ. ನಿಮ್ಮ ಯಂತ್ರಕ್ಕೆ ಬೇಕಾದ ಪ್ರಶ್ನೆ ಅವನ ಹತ್ತಿರ ಇದ್ದೀತು.

ನಾಳೆಯವರೆಗೂ ಯಾಕೆ? ಈಗ ಪ್ರಸಾದಕ್ಕೆ ಏಳುತ್ತೀರಲ್ಲ, ಆ ಜಮಖಾನ ದಾಟಿ ಎದುರಿನವರ ಪಕ್ಕ ಕೂತು ಉಣ್ಣಿ. ಕ್ಷೇಮಸಮಾಚಾರ ಆಮೇಲೆ ಆಗಲಿ. ಮೊದಲು ಇದೊಂದು ಕೇಳಿ: 'ನಿಮ್ಮಲ್ಲಿ ಕೆಟ್ಟಿರೋದು ಯಾವುದು? ನನಗೆ ತೋರಿಸ್ತೀರಾ?'