ಹತ್ತನೇ ಒಗೆತ

...ಒಂದು ಸಹಿ ಹಾಕೋಕೆ ಇಷ್ಟು ಹೊತ್ತಾ? ಇರೋದೇ ಎರಡು ಸಾಲು. ‘ನಾನು ಮಾಡಿದ ನೂಲಿಗೆ ಗ್ರಾಫೀನ್ ಸರಿಯಾಗಿ ಹಿಡಿದಿರಲಿಲ್ಲ. ನನ್ನ ವರದಿಯನ್ನು ಹಿಂದಕ್ಕೆ ಪಡೆಯುತ್ತೇನೆ.’ ಅಷ್ಟೇ! ಹಾಕು, ಹೋಗು.

ಯಾಕೆ ನಗ್ತೀಯಾ? ನಗೋ ಅಂಥದ್ದೇನು ಹೇಳಿದೆ ನಾನು?

ಐದು ವರ್ಷ ಕಣಮ್ಮಾ... ಐದು ವರ್ಷ ಈ ಲ್ಯಾಬಲ್ಲಿ ಜಾಗ ಕೊಟ್ಟೆ. ಪಾಲಿಯೆಸ್ಟರ್ ನೂಲನ್ನ ಕರೆಂಟು ಹರಿಸೋ ಗ್ರಾಫೀನಿನ ಕರಿನೀರಲ್ಲಿ ಅದ್ದೋದು, ಒಣಗಿಸೋದು, ಮೇಲೆ ಸತುವಿನ ಆಕ್ಸೈಡ್ ಹಿಡಿಸೋದು, ಎಲ್ಲಾ ಕೈಹಿಡಿದು ಕಲಿಸಿದ್ದು ಯಾರು? ಈಗ ಗುರುವಿಗೇ ತಿರುಮಂತ್ರ! ಅದೂ ಯಾವಾಗ? ನಾಳೆ ಅಂಗಿಗಳು ಆಸ್ಪತ್ರೆಗೆ ಹೋಗ್ಬೇಕು ಅನ್ನೋವಾಗ! ದಿನ ತುಂಬದೆ ಹುಟ್ಟಿದ ಹನ್ನೆರಡು ಕೂಸುಗಳಿಗೆ, ಎದೆಗೆ ಅಂಟಿಸೋ ಯಂತ್ರದ ತಂತಿ ಬದಲು ತೊಡಿಸೋ ಅಂಗಿ. ಉಸಿರು ನಿಂತ್ರೆ ನೂಲಿಗೆ ಗೊತ್ತಾಗ್ಬೇಕು, ಗಂಟೆ ಹೊಡೀಬೇಕು. ನಿನ್ನ ಒಂದು ಹಾಳು ವರದಿಯಿಂದ ಎಲ್ಲಾ ನಿಂತೋಗಿದೆ.

ಹತ್ತನೇ ಒಗೆತಕ್ಕೆ ನೂಲು ಸತ್ತೋಯ್ತಂತೆ, ಕರೆಂಟೇ ಹರೀಲಿಲ್ವಂತೆ! ಕುದಿಯೋ ನೀರಲ್ಲಿ ಹಾಕಿರ್ತೀಯಾ... ಇಲ್ವಾ? ಹಾಗಾದ್ರೆ ಅದ್ದಿದ್ದೇ ಸರಿಯಿಲ್ಲ. ಕುಣಿಲಾರದವಳು ನೆಲ ಡೊಂಕು ಅಂದ್ಲಂತೆ! ನನ್ನ ನೂಲು ಮೂವತ್ತು ಒಗೆತ ತಡೀತು, ಪರೀಕ್ಷೆ ಮಾಡೋಕೆ ಬಂದ ಸಮಿತಿಯವರ ಕಣ್ಣೆದುರಿಗೇ!

ಏಯ್, ಆ ಕಪಾಟು ಯಾಕೆ ತೆಗೆದೆ? ಅದು ಸಮಿತಿಗೆ ತೋರಿಸಿದ ನನ್ನ ನೂಲು. ಇಡು. ಇಡು ಅಂದ್ನಲ್ಲಾ!

ಭೂತಗನ್ನಡಿ ಬೇರೆ... ಏನು, ಹೊಳೀತಿದೆಯಾ? ಬೆಳ್ಳಿ ಪೇಸ್ಟು. ತಂತಿ ಅಂಟಿಸೋಕೆ ಎರಡೂ ತುದಿಗೆ ಒಂದೊಂದು ಚುಕ್ಕೆ ಇಡೋದು, ನೀನೂ ಇಡ್ತೀಯಾ. ಸ್ವಲ್ಪ ಹರಡಿರುತ್ತೆ. ವಯಸ್ಸಾಯ್ತು, ಕೈ ನಡುಗುತ್ತೆ... ಉದ್ದಕ್ಕೂ ಬಳಿದಿದ್ರೆ ಏನೀಗ? ಕರೆಂಟು ಹರಿದಿದ್ದು ಬೆಳ್ಳಿಯಲ್ಲಿ, ನೂಲಲ್ಲಿ ಅಲ್ಲ ಅಂತೀಯಾ...

ನೀನು ಬಾಯೇ ಬಿಟ್ಟಿಲ್ಲ, ಅಲ್ವಾ? ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಳಲಿ!

ಹಾಗೆ ನೋಡ್ಬೇಡ ನನ್ನ. ನನಗೂ ಕರುಳಿದೆ. ನನ್ನ ಮಗಳ ಕೂಸು, ಏಳು ತಿಂಗಳಿಗೇ ಹುಟ್ಟಿದ್ದು, ಅದೇ ವಾರ್ಡಲ್ಲಿ ಮಲಗಿದೆ. ಮೊದಲ ಅಂಗಿ ಅದಕ್ಕೇ! ನಂಬಿಕೆ ಇಲ್ದೆ ಸ್ವಂತ ಮೊಮ್ಮಗೂಗೆ ಯಾರಾದ್ರೂ ತೊಡಿಸ್ತಾರಾ? ಹೇಳು!

ಕಾಗದ ಯಾಕೆ ಹಿಂದಕ್ಕೆ ತಳ್ತೀಯಾ?

ಬೈಯಾದ್ರೂ ಬೈ...

ನನ್ನ ಮಗಳೇ ಕೇಳ್ಕೊಂಡ್ಲು, ಅದಕ್ಕೇ... ಇಲ್ಲ. ಅವಳೇನೂ ಕೇಳ್ಲಿಲ್ಲ. ನಾನೇ ನರ್ಸಮ್ಮನ ಹತ್ರ ಹೋಗಿ ಹೇಳಿದೆ. ನಮ್ಮ ಕೂಸಿಗೆ ಅಂಗಿ ಹಾಕಿದ ಮೇಲೂ ಉಸಿರು ನೋಡೋ ಆ ಹಳೇ ಯಂತ್ರದ ತಂತಿ ಎದೆ ಮೇಲೇ ಇರ್ಲಿ, ಕೀಳ್ಬೇಡಿ, ಯಾರಿಗೂ ಹೇಳ್ಬೇಡಿ ಅಂತ.

ಉಳಿದ ಹನ್ನೊಂದು ಕೂಸುಗಳಿಗಾ?

...ಅವಕ್ಕೆ ಅಂಗಿ ಇದೆಯಲ್ಲಮ್ಮಾ.