ಬೆರಳಿರುವ ಮೆಟ್ಟಿಲು

ನಮ್ಮ ದೇಶದಲ್ಲಿ ಹಲ್ಲೆಗಳು ಕಡಿಮೆಯೆಂದು ಓದಿ ಬೀಗುವವರೇ, ಅವು ಕಡಿಮೆಯಾದ ಬಗೆಯನ್ನು ಎಂದಾದರೂ ವಿಚಾರಿಸಿದ್ದೀರಾ?

ಸೈಕಲ್ ಕಳವಿನ ದೂರು ಹಿಡಿದು ಪೊಲೀಸ್ ಠಾಣೆಯ ಸಾಲಿನಲ್ಲಿ ನಿಂತಿದ್ದ ಮೇಷ್ಟ್ರಿಗೆ, ಮುಂದಿದ್ದ ದರ್ಜಿ ಹೆಂಗಸಿನ ಕತ್ತಿನ ಮೇಲೆ ಕಂದುಗಟ್ಟಿದ ಗುರುತುಗಳು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು. ಗುಮಾಸ್ತ ದಫ್ತರವನ್ನು ಅವಳತ್ತ ತಿರುಗಿಸಿದ.

"ಮೆಟ್ಟಿಲಿಂದ ಜಾರಿಬಿದ್ದದ್ದು ಅಂತ ಬರೆದಿದೀನಿ. ಸಹಿ ಹಾಕಮ್ಮ."

"ಗಂಡ ಕತ್ತು ಹಿಸುಕಿದ ಅಂದೆನಲ್ಲಣ್ಣ."

"ಪಕ್ಕದ ದೇಶದಲ್ಲಿ ನಮ್ಮದರ ಹತ್ತುಪಟ್ಟು ಹಲ್ಲೆ, ಗೊತ್ತಾ? ಮೊನ್ನೆ ತಾನೇ ಸಾಹೇಬರು ನಮ್ಮನ್ನ ಹೊಗಳಿದಾರೆ. ಆ ಹೆಸರು ಯಾಕೆ ಕೆಡಿಸ್ತೀಯ?"

"ಹಂಗಾದ್ರೆ ಅಲ್ಲಿಯ ಗುಮಾಸ್ತರಿಗೆ ಬರೆಯೋಕೆ ಬರುತ್ತೆ ಅನ್ನಿ."

"ನಾಲಿಗೆ ಉದ್ದ ಆಯ್ತು ನಿಂದು."

"ನಾಲಿಗೆ ಬಿಡಿ, ಕತ್ತು ನೋಡಿ. ನಿಮ್ಮನೆ ಮೆಟ್ಟಿಲಿಗೆ ಐದು ಬೆರಳಿವೆಯಾ?"

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ನೆಲ ನೋಡಿದರು.

"ಸಹಿ ಹಾಕ್ತೀಯೋ, ಮನೆಗೆ ಹೋಗ್ತೀಯೋ?"

"ಮನೆಗಾ? ಅವನು ಅಲ್ಲೇ ಕೂತಿದಾನಣ್ಣ."

ಸಹಿ ಹಾಕದೆಯೇ ಅವಳು ಸೆರಗನ್ನು ಕತ್ತಿಗೆ ಸುತ್ತಿಕೊಂಡು ಹೊರಟುಹೋದಳು. ದಫ್ತರದಲ್ಲಿ ಹಲ್ಲೆ ದಾಖಲಾಗಲಿಲ್ಲ. ದೇಶ ಇನ್ನಷ್ಟು ಸುರಕ್ಷಿತವಾಯಿತು.

ಅಂಥ ಸಾಲಿನಲ್ಲಿ ನೀವು ನಿಂತಿದ್ದರೆ ಮೇಷ್ಟ್ರಂತೆ ನೆಲ ನೋಡಬೇಡಿ. ಕಂಡದ್ದನ್ನು ಕಂಡೆನೆಂದು ಬರೆಸಿ, ಅದರ ಕೆಳಗೆ ನಿಮ್ಮ ಸಹಿ ಹಾಕಿ.